ಬೇರೆಯವರ ಸೀರೆಗಳು

ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮನೆ ಮದ್ದೂರಿನಲ್ಲಿ. ಬೆಳಗಿನ ಪಾಳಿ ಇದ್ದರೆ ಮೈಸೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿಯುತ್ತೇನೆ, ಅದು ತಪ್ಪಿದರೆ ಬಸ್ಸು. ರೈಲಿನಲ್ಲಿ ಕೂರಲು ಜಾಗ ಸಿಕ್ಕ ದಿನ ಬ್ಯಾಗಿನಿಂದ ಸೂಜಿದಾರ ತೆಗೆದು ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿಯುತ್ತಿದ್ದೆ. ಜಾಗ ಸಿಗದ ದಿನ ಬಾಗಿಲ ಪಕ್ಕದ ಕಂಬಿಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದೆ. ನಿಂತು ನಿದ್ದೆ ಮಾಡುವುದು ನರ್ಸಿಂಗ್ ಓದುವಾಗಲೇ ಕಲಿತ ವಿದ್ಯೆ. ಪಾಠದಲ್ಲಿ ಅದು ಇರಲಿಲ್ಲ ಅಷ್ಟೆ.

ನಾನು ಹೊಲಿಯುತ್ತಿದ್ದುದು ಕೌದಿ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಕೈಯಲ್ಲೇ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾ ಹೋಗಬೇಕು. ಹೊದ್ದರೆ ಹೊದಿಕೆ, ಹಾಸಿದರೆ ಹಾಸಿಗೆ. ನನ್ನ ತವರು ಪೂರಿಗಾಲಿಯಲ್ಲಿ ನಮ್ಮವ್ವ, ನಾಟಿ ಮುಗಿದು ಕಳೆ ಕೀಳುವ ಕೆಲಸ ಶುರುವಾಗುವ ನಡುವಿನ ಬಿಡುವಿನಲ್ಲಿ ಪಡಸಾಲೆಯ ತುಂಬ ಕೌದಿ ಹರಡಿಕೊಂಡು ಕೂರುತ್ತಿದ್ದಳು. ಒಂದು ಮೂಲೆಯಲ್ಲಿ ಅವಳು, ಇನ್ನೊಂದು ಮೂಲೆಯಲ್ಲಿ ನಾನು. ಆಮೇಲೆ ನಾನು ಓದಲು ಹಾಸ್ಟೆಲ್ಲಿಗೆ ಹೋದೆ, ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಸೂಜಿ ಎಂದರೆ ನನಗೆ ಇಂಜೆಕ್ಷನ್ನಿನ ಸೂಜಿ ಮಾತ್ರ ಎಂಬಂತಾಯಿತು.

ಮತ್ತೆ ಹೊಲಿಯಲು ಕೂತದ್ದು ಕೊರೋನಾ ಕಳೆದ ಮೇಲೆ. ಆ ದಿನಗಳಲ್ಲಿ ಮಾಡಿದ ಕೆಲಸದ ಬಗ್ಗೆ ನಾನು ಯಾರ ಹತ್ತಿರವೂ ಹೆಚ್ಚು ಮಾತಾಡಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅದು ಮುಗಿದ ಮೇಲೆ ನನ್ನ ನಿದ್ದೆ ಹೋಯಿತು. ಎಷ್ಟು ದಣಿದು ಬಂದರೂ ಮಲಗಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಒಮ್ಮೆ ತವರಿಗೆ ಹೋದಾಗ, ಕಣ್ಣು ಮಂಜಾಗಿ ಅವ್ವ ಅರ್ಧಕ್ಕೆ ಬಿಟ್ಟಿದ್ದ ಕೌದಿಯೊಂದು ಅಟ್ಟದ ಮೇಲೆ ಸಿಕ್ಕಿತು. ಮನೆಗೆ ತಂದೆ. ಊಟವಾದ ಮೇಲೆ ಒಂದು ಸಾಲು ಹಾಕಿದೆ. ಮರುದಿನ ಇನ್ನೊಂದು ಸಾಲು. ಕೌದಿ ಮುಗಿಯುವ ಹೊತ್ತಿಗೆ ನಿದ್ದೆ ಬರಲು ಶುರುವಾಗಿತ್ತು.

ಯಾಕೆ ಹಾಗಾಯಿತೆಂದು ನನಗೆ ತೋಚಿದ್ದು ಇಷ್ಟು. ವಾರ್ಡಿನ ಕೆಲಸಕ್ಕೆ ಮುಗಿಯುವುದು ಎಂಬುದಿಲ್ಲ. ಒಂದು ಮಂಚ ಖಾಲಿಯಾದರೆ ಹಾಸು ಬದಲಿಸುವ ಮೊದಲೇ ಇನ್ನೊಬ್ಬರು ಬಂದು ಮಲಗುತ್ತಾರೆ. ಬೆಳಿಗ್ಗೆ ಕೊಟ್ಟ ಮಾತ್ರೆ ಸಂಜೆಗೆ ಮತ್ತೆ ಕೊಡಬೇಕು, ಇವತ್ತು ಕಟ್ಟಿದ ಗಾಯ ನಾಳೆ ಬಿಚ್ಚಿ ಕಟ್ಟಬೇಕು. ಹೊಲಿದ ಸಾಲು ಹಾಗಲ್ಲ. ಹಾಕಿದರೆ ಹಾಕಿದ ಹಾಗೆಯೇ ಇರುತ್ತದೆ. ಮತ್ತೆ ಹೊಲಿಯುವ ಹೊತ್ತಿನಲ್ಲಿ ಯಾರೂ ನನ್ನನ್ನು ಸಿಸ್ಟರ್ ಎಂದು ಕೂಗುವುದಿಲ್ಲ.

ಆ ವರ್ಷಗಳಲ್ಲಿ ನಾನು ಹೆಂಗಸರ ವಾರ್ಡಿನಲ್ಲಿದ್ದೆ. ಒಮ್ಮೆ ಅಲ್ಲಿಗೆ ಶಿವನಸಮುದ್ರದ ಕಡೆಯಿಂದ ಒಬ್ಬ ಮುದುಕಿ ಬಂದು ದಾಖಲಾದಳು. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಗಾಯ. ಡ್ರೆಸ್ಸಿಂಗ್ ಮಾಡುವಾಗ ಉಳಿದವರೆಲ್ಲ ಮುಖ ತಿರುಗಿಸಿಕೊಂಡರೆ, ಇವಳು ಎದ್ದು ಕೂತು ತನ್ನ ಗಾಯವನ್ನು ಪಕ್ಕದ ಮನೆಯವರ ಹೊಲ ನೋಡುವ ಹಾಗೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಪಾಳಿ ಮುಗಿಸಿ, ಬಟ್ಟೆ ಬದಲಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಅವಳ ಮಂಚದ ಪಕ್ಕದಲ್ಲಿ ಹೊರಟಿದ್ದೆ. ಬ್ಯಾಗಿನ ಜಿಪ್ಪು ತೆರೆದೇ ಇತ್ತು.

"ಬ್ಯಾಗಲ್ಲಿ ಏನ್ ಮಗಾ ಅದು, ಚಿಂದಿ?" ಅಂದಳು.

"ಕೌದಿಗೆ ಕಣವ್ವ."

"ಕೌದೀನಾ? ನರ್ಸಮ್ಮನಾಗಿ ನೀನು ಕೌದಿ ಒಲ್ದೀಯಾ? ಎಲ್ಲಿ, ಕೊಡಿಲ್ಲಿ."

ಕೊಟ್ಟೆ. ಅವಳು ಮೇಲ್ಭಾಗವನ್ನು ನೋಡಲೇ ಇಲ್ಲ. ಸೀದಾ ತಿರುಗಿಸಿ ಹಿಂಬದಿಯನ್ನು ಬೆಳಕಿಗೆ ಹಿಡಿದಳು.

"ಮೇಲ್ಗಡೆ ಎಲ್ಲಾರೂ ಚೆಂದಾಗೇ ಒಲೀತಾರೆ. ಇಂದ್ಗಡೆ ತಿರುಗ್ಸುದ್ರೆ ಗೊತ್ತಾಯ್ತದೆ. ಇದೇನ್ ಮಗಾ, ಕೋಳಿ ಕೆದ್ರಿದಂಗದೆ!"

ಪಕ್ಕದ ಮಂಚದವರೆಲ್ಲ ನಕ್ಕರು. ನನಗೂ ನಗು ಬಂತು. ಆ ವಾರದಲ್ಲಿ ನಾನು ನಕ್ಕದ್ದು ಅದೇ ಮೊದಲಿರಬೇಕು.

ಅಂದಿನಿಂದ ಪಾಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಅವಳ ಹತ್ತಿರ ಸ್ಟೂಲು ಎಳೆದುಕೊಂಡು ಕೂರುವುದು ರೂಢಿಯಾಯಿತು. ವಾರ್ಡಿನೊಳಗೆ ಹೊರಗಿನ ಬಟ್ಟೆ ಹರಡುವಂತಿಲ್ಲ. ಹಾಗಾಗಿ ತುಂಡು ತೋರಿಸಿ ಒಳಗಿಟ್ಟುಬಿಡುತ್ತಿದ್ದೆ. ಅವಳು ಬಾಯಲ್ಲೇ ಹೇಳಿಕೊಡುತ್ತಿದ್ದಳು. ದಾರವನ್ನು ಬಿಗಿಯಾಗಿ ಎಳೆಯಬೇಡ, ಬಟ್ಟೆ ಮುದುರುತ್ತದೆ. ಮೂಲೆಗೆ ಬಂದಾಗ ಅವಸರ ಮಾಡಬೇಡ. ಹೆಂಗಸಿನ ಹಾಗೆ ಅಲ್ಲ, ನರ್ಸಿನ ಹಾಗೆ ಹೊಲಿಯುತ್ತೀಯ, ಯಾರೋ ಗಾಯವಾದವರು ಕಾಯುತ್ತಿರುವ ಹಾಗೆ. ಇದನ್ನು ಅವಳು ಬೈಗುಳವಾಗಿಯೇ ಹೇಳಿದಳು. ನಿಜವೂ ಹೌದು.

ಅವಳ ಗಂಡ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಹೆಂಗಸರ ವಾರ್ಡಾದ್ದರಿಂದ ಭೇಟಿಯ ಸಮಯ ಬಿಟ್ಟು ಗಂಡಸರನ್ನು ಒಳಗೆ ಬಿಡುವುದಿಲ್ಲ. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸದಾ ಒಂದು ಸ್ಟೀಲ್ ಕ್ಯಾರಿಯರ್. ಬ್ಲಫಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಶಿವನಸಮುದ್ರದ ಆ ಜಾಗವನ್ನು ನಮ್ಮ ಕಡೆ ಈಗಲೂ ಬ್ಲಫು ಎಂದೇ ಕರೆಯುತ್ತಾರೆ.

"ಅಷ್ಟ್ ದೊಡ್ ದೊಡ್ ಮಿಷಿನ್ ತಿರುಗುಸ್ತಿದ್ರು ನಮ್ಮೋರು" ಅನ್ನುತ್ತಿದ್ದಳು ಮುದುಕಿ. "ಅಂಗಿ ಗುಂಡಿ ಕಿತ್ತೋದ್ರೆ ಮಾತ್ರ ನನ್ನೇ ಕೂಗ್ಬೇಕು."

ಗಾಯ ಮಾಯಲಿಲ್ಲ. ಸೋಂಕು ಮೇಲಕ್ಕೆ ಏರಿತು, ಮೂತ್ರಪಿಂಡ ಕೈಕೊಟ್ಟಿತು. ಒಂದು ಮಧ್ಯಾಹ್ನ, ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದಾಗ, ಅವಳು ಹೋದಳು. ನನ್ನದೇ ಪಾಳಿ. ಡ್ರಿಪ್ ತೆಗೆದು, ನರಕ್ಕೆ ಚುಚ್ಚಿದ್ದ ಕ್ಯಾನುಲಾ ತೆಗೆದು, ಕೈಯನ್ನು ಒರೆಸಿ ನೆಟ್ಟಗೆ ಇಟ್ಟೆ. ಅವಳ ಗಂಡ ಪರದೆಯ ಹೊರಗೆ ನಿಂತಿದ್ದರು. ಕ್ಯಾರಿಯರ್ ಜೊತೆ ಹಿಡಿದಿದ್ದ ಚೀಲದಿಂದ ಒಂದು ಸೀರೆ ತೆಗೆದರು. ಹಸಿರು ಅಂಚಿನ, ಮಡಿಕೆ ಬಿಚ್ಚದ ನೂಲಿನ ಸೀರೆ.

"ಡಿಸ್ಚಾರ್ಜ್ ಮಾಡುದ್ರೆ ಉಟ್ಕಳ್ಳಕ್ಕೆ ಬೇಕು ಅಂದಿದ್ಲು. ದಿನಾ ತತ್ತಿದ್ದೆ" ಅಂದರು. "ಉಡಸ್ಬೌದಾ ಸಿಸ್ಟ್ರಮ್ಮ?"

ಆಯಾಳನ್ನು ಕರೆದುಕೊಂಡು ನಾನೇ ಉಡಿಸಿದೆ. ಸೆರಗು ಸರಿ ಮಾಡಿದೆ. ಆಮೇಲೆ ಪರದೆ ಸರಿಸಿ, ಪಕ್ಕದ ಮಂಚದವರ ಬಿಪಿ ನೋಡಲು ಹೋದೆ. ಅಷ್ಟು ಹೊತ್ತಿಗೆ ಅವರು ಎರಡು ಸಲ ಕೂಗಿ ಆಗಿತ್ತು.

ಅದಾದ ಕೆಲವು ತಿಂಗಳಿಗೆ ನನ್ನ ಜೊತೆ ಕೆಲಸ ಮಾಡುವ ನರ್ಸೊಬ್ಬಳ ತಾಯಿ ತೀರಿಕೊಂಡರು. ಅವಳು ರಜೆ ಮುಗಿಸಿ ಬಂದ ದಿನ, ತಾಯಿಯ ಸೀರೆಗಳನ್ನು ಏನು ಮಾಡುವುದೋ ಗೊತ್ತಾಗುತ್ತಿಲ್ಲ ಅಂತ ಊಟದ ಡಬ್ಬಿ ಮುಂದಿಟ್ಟುಕೊಂಡು ಅತ್ತಳು. "ತಂದುಕೊಡು, ಕೌದಿ ಹೊಲಿದುಕೊಡ್ತೀನಿ" ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಬಾಯಿಬಿಟ್ಟದ್ದು. ಹೊಲಿದು ಕೊಟ್ಟ ದಿನ ಅವಳು ನರ್ಸುಗಳ ಕೋಣೆಯಲ್ಲಿ ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು. ಅದನ್ನು ನೋಡಿದವರು ಇಬ್ಬರಿಗೆ ಹೇಳಿದರು. ಅವರು ಇನ್ನಿಬ್ಬರಿಗೆ.

ಚೀಲಗಳು ಬರತೊಡಗಿದವು. ಲ್ಯಾಬಿನಲ್ಲಿ ಕೆಲಸ ಮಾಡುವವಳ ಅತ್ತೆಯ ಸೀರೆಗಳು. ನಮ್ಮ ಬೀದಿಯ ಟೀಚರೊಬ್ಬರ ಅಕ್ಕನ ಸೀರೆಗಳು. ನನ್ನ ಗಂಡನ ಸ್ನೇಹಿತರ ತಾಯಿಯವು. ಬಟ್ಟೆ ಅಂಗಡಿಯ ದೊಡ್ಡ ಕವರುಗಳಲ್ಲಿ, ಅಕ್ಕಿ ಚೀಲಗಳಲ್ಲಿ, ಒಮ್ಮೆ ಒಂದು ಹಳೇ ಸೂಟ್‌ಕೇಸಿನಲ್ಲಿ ತಂದಿಟ್ಟು ಹೋದರು. ಪ್ರತಿ ಚೀಲದ ಜೊತೆಗೂ ಒಂದು ಕಥೆ ಬರುತ್ತಿತ್ತು. ಈ ಸೀರೆ ಕತ್ತರಿಸಬೇಡಿ, ಇದನ್ನು ಉಟ್ಟೇ ನನ್ನನ್ನು ಸ್ಕೂಲಿಗೆ ಸೇರಿಸಿದ್ದು. ಈ ಕಲೆ ತೊಳೆಯಬೇಡಿ, ಅದು ಅಮ್ಮನ ಕೈಯ ಅರಿಶಿನ. ನಾನು ಹೂಂಗುಟ್ಟುತ್ತಾ ಕೇಳುತ್ತಿದ್ದೆ. ಇಡೀ ದಿನ ವಾರ್ಡಿನಲ್ಲಿ ಕಾಯಿಲೆಯವರ ಮಾತು ಕೇಳಿ ಬಂದು, ಮನೆಯಲ್ಲಿ ಹೋದವರ ಮಾತು ಕೇಳುತ್ತಿದ್ದೆ.

ಅದರಲ್ಲೂ ಈಗಿನ ಸೀರೆಗಳು ಹೆಚ್ಚಿನವು ನೂಲಿನವಲ್ಲ. ಪಾಲಿಯೆಸ್ಟರು ಜಾರುತ್ತದೆ, ಪದರ ನಿಲ್ಲುವುದಿಲ್ಲ, ಸೂಜಿ ಕೆಳಗೆ ಹಾಕಿದರೆ ಎಲ್ಲೋ ಬರುತ್ತದೆ. ಬೆರಳಿಗೆ ಪ್ಲಾಸ್ಟರ್ ಟೇಪು ಸುತ್ತಿಕೊಂಡು ಹೊಲಿಯುತ್ತಿದ್ದೆ. ಮಗಳು ತನ್ನ ಮಂಚದ ಕೆಳಗಿದ್ದ ಚೀಲಗಳನ್ನು ಒಂದು ದಿನ ಹಜಾರಕ್ಕೆ ಎಳೆದು ಹಾಕಿದಳು.

"ಅಮ್ಮಾ, ಸತ್ತೋರ ಬಟ್ಟೆ ಮೇಲೆ ಮಲಗಿ ಪರೀಕ್ಷೆಗೆ ಓದಕ್ಕಾಗಲ್ಲ ನಂಗೆ."

ನನ್ನ ಗಂಡ ಆ ಚೀಲಗಳನ್ನು ದಾಟಿಕೊಂಡು ಬಂದು ಟಿವಿ ಹಾಕಿದರು. "ಅವ್ಳು ಯೋಳೋದ್ರಲ್ಲಿ ಏನ್ ತಪ್ಪದೆ? ಮನೆ ಗೋಡೌನ್ ಆಗೋಗದೆ. ನಿಂಗೆ ಬ್ಯಾಡ ಅನ್ನಕ್ ಬರಕಿಲ್ವಾ?"

ಬರುತ್ತಿರಲಿಲ್ಲ. ಬ್ಯಾಡ ಅನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆಸ್ಪತ್ರೆಯಲ್ಲಿ ಡಬಲ್ ಡ್ಯೂಟಿ ಮಾಡಿ ಅಂದರೂ ನಾನು ಮೊದಲು ತಲೆಯಾಡಿಸಿ, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿಟ್ಟು ಮಾಡಿಕೊಳ್ಳುವವಳು. ನಿದ್ದೆ ತರಿಸಿದ್ದ ಕೆಲಸವೇ ನಿದ್ದೆ ಕೆಡಿಸತೊಡಗಿತು. ಯಾರಾದರೂ ಕೌದಿ ಎಲ್ಲಿಗೆ ಬಂತು ಎಂದು ಫೋನಿನಲ್ಲಿ ಕೇಳಿದರೆ, ಲ್ಯಾಬಿನಿಂದ ರಿಪೋರ್ಟು ಬರಲಿಲ್ಲವೆಂದು ರೋಗಿಯ ಕಡೆಯವರು ಗದರಿದಷ್ಟೇ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಕೈ ನೋಯಲು ಶುರುವಾಯಿತು. ಮೊದಲು ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಬರಬರುತ್ತಾ ಮಣಿಕಟ್ಟಿನಿಂದ ಮೇಲಕ್ಕೆ ಸೆಳೆತ. ಮುಲಾಮು ಹಚ್ಚಿ, ಬಟ್ಟೆ ಕಟ್ಟಿ, ಯಾರಿಗೂ ಹೇಳದೆ ಓಡಾಡಿದೆ. ಒಂದು ಬೆಳಿಗ್ಗೆ ವಾಂತಿಭೇದಿಯಾಗಿ ಬಸವಳಿದಿದ್ದ ಒಬ್ಬ ಹೆಂಗಸಿಗೆ ಡ್ರಿಪ್ ಹಾಕಬೇಕಿತ್ತು. ನರ ಹುಡುಕುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ವಾರ್ಡಿನಲ್ಲಿ ಹೆಸರಿತ್ತು. ಕಷ್ಟದ ಕೈಗಳಿಗೆ ನನ್ನನ್ನೇ ಕರೆಯುತ್ತಿದ್ದರು. ಅವತ್ತು ಕ್ಯಾನುಲಾ ಹಿಡಿದ ಬೆರಳುಗಳಿಗೆ ತಾವು ಏನು ಹಿಡಿದಿದ್ದೇವೆಂದೇ ತಿಳಿಯಲಿಲ್ಲ. ಚುಚ್ಚಿದೆ, ನರ ಸಿಗಲಿಲ್ಲ. ಮತ್ತೆ ಚುಚ್ಚಿದೆ, ಕೈ ನಡುಗಿ ಆಚೆ ಹೋಯಿತು. ಆ ಹೆಂಗಸು ನರಳಲಿಲ್ಲ. "ಇರ್ಲಿ ಬುಡಿ ಸಿಸ್ಟ್ರೇ, ನಿಧಾನಕ್ಕೆ ನೋಡಿ" ಅಂದಳು. ಅವಳು ಹಾಗೆ ಅಂದದ್ದೇ ನನ್ನನ್ನು ಕುಗ್ಗಿಸಿತು. ನನಗಿಂತ ಎಷ್ಟೋ ಚಿಕ್ಕವಳಾದ ನರ್ಸನ್ನು ಕರೆದು, ಟ್ರೇ ಅವಳ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ನಿಂತೆ.

ಮೂಳೆ ವೈದ್ಯರು ನನ್ನ ಕೈಯನ್ನು ಹಿಂದೆ ಮುಂದೆ ಮಡಚಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅಂದರು. ಮನೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ.

"ಎರಡರಲ್ಲಿ ಒಂದನ್ನ ಕಡಿಮೆ ಮಾಡಿ ಸಿಸ್ಟರ್. ಯಾವುದು ಅಂತ ನಾನು ಹೇಳೋ ಹಾಗಿಲ್ಲ."

ಹೇಳುವ ಅಗತ್ಯವೂ ಇರಲಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಮದ್ದೂರಿಗೆ ವಾಪಸು ಬಂದೆ. ಆ ಭಾನುವಾರ ಚೀಲಗಳನ್ನೆಲ್ಲ ಹಜಾರದಲ್ಲಿ ಸಾಲಾಗಿಟ್ಟು ಯಾವುದು ಯಾರದೆಂದು ಗುರುತು ಹಚ್ಚಿದೆ. ಅರ್ಧ ಹೊಲಿದದ್ದನ್ನು ಅರ್ಧಕ್ಕೇ ಮಡಚಿದೆ. ಒಬ್ಬೊಬ್ಬರಿಗೂ ಫೋನು ಮಾಡಿ, ಕೈ ನೋವು, ಆಗುವುದಿಲ್ಲ, ಸೀರೆ ತೆಗೆದುಕೊಂಡು ಹೋಗಿ ಅಂದೆ. ಹೆಚ್ಚಿನವರು ಒಳ್ಳೆಯ ಮಾತಾಡಿದರು. ಟೀಚರು ಮಾತ್ರ ಚೀಲ ಎತ್ತಿಕೊಳ್ಳುತ್ತಾ, "ಮೊದ್ಲೇ ಹೇಳಿದ್ರೆ ಬೇರೆಯವರಿಗಾದ್ರೂ ಕೊಡ್ತಿದ್ದೆ" ಅಂದರು. ಅವರು ಹೋದ ಮೇಲೆ ಹಜಾರ ದೊಡ್ಡದಾಗಿ ಕಾಣಿಸಿತು. ಮಗಳು ನೆಲ ಒರೆಸಿದಳು. ನನಗೆ ಹಗುರವಾಯಿತೆಂದು ಬರೆಯಬೇಕೆನಿಸುತ್ತದೆ. ಆದರೆ ಹಾಗೇನೂ ಆಗಲಿಲ್ಲ. ಊಟ ಮಾಡಿ ಪಾತ್ರೆ ತೊಳೆಯದೆ ಮಲಗಿದೆ, ಅಷ್ಟೆ.

ಇದೆಲ್ಲ ಮುಗಿದ ಮೇಲೆ ಮುದುಕಿಯ ಗಂಡ ಬಂದರು.

ಅವರು ತಮ್ಮ ಬಿಪಿ ಮಾತ್ರೆಗೆಂದು ಆಸ್ಪತ್ರೆಗೆ ಬಂದಿದ್ದರು. ನಾನು ಪಾಳಿ ಮುಗಿಸಿ ಗೇಟಿನ ಹತ್ತಿರ ಬರುವಾಗ ಹುಣಸೆಮರದ ಕೆಳಗಿನ ಕಟ್ಟೆಯಿಂದ ಎದ್ದು ನಿಂತರು. ಮೊದಲು ಗುರುತು ಹತ್ತಲಿಲ್ಲ. ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ, ಅದಕ್ಕೇ ಇರಬೇಕು. ಅದರ ಬದಲಿಗೆ ಒಂದು ದೊಡ್ಡ ಬಟ್ಟೆ ಗಂಟಿತ್ತು. ಗಂಟು ನೋಡಿದ್ದೇ ನನಗೆ ಎಲ್ಲ ಅರ್ಥವಾಯಿತು.

"ಆಗಲ್ಲ ಯಜಮಾನ್ರೇ" ಅಂದೆ, ಅವರು ಬಾಯಿ ತೆರೆಯುವ ಮೊದಲೇ. ಪಟ್ಟಿ ಕಟ್ಟಿದ ಕೈ ತೋರಿಸಿದೆ. "ಎಲ್ಲರದ್ದೂ ವಾಪಸು ಕೊಟ್ಬಿಟ್ಟಿದ್ದೀನಿ."

ಅವರು ನನ್ನ ಕೈಯನ್ನು ನೋಡಿದರು. "ಅಯ್ಯೋ, ಸರಿ ಬುಡಮ್ಮ" ಅಂದು ಮತ್ತೆ ಕಟ್ಟೆಯ ಮೇಲೆ ಕೂತರು. ಹೊರಡಬಹುದಿತ್ತು ನಾನು. ರೈಲಿಗೆ ಹೊತ್ತಾಗುತ್ತಿತ್ತು. ಆದರೂ ಕಾಲು ನೋಯುತ್ತಿದ್ದರಿಂದ ನಾನೂ ಪಕ್ಕದಲ್ಲಿ ಕೂತೆ.

"ಮಗ್ಳು ಯಾರ್ಗಾದ್ರೂ ಕೊಟ್ಬುಡಪ್ಪ ಅಂತಾಳೆ" ಅಂದರು ಅವರು. "ಕೊಡಕ್ಕೆ ಮನ್ಸು ಬರಕಿಲ್ಲ. ಬೀರುನಲ್ಲಿ ಮಡಿಕ್ಕಂಡು ಏನ್ ಮಾಡ್ಲಿ? ಬಾಗ್ಲು ತೆಗುದ್ರೆ ಅವ್ಳ ವಾಸ್ನೆ ಬತ್ತದೆ. ಮೊದ್ಲು ಚೆನ್ನಾಗಿತ್ತು. ಈಗ ಅದೂ ಕಮ್ಮಿ ಆಯ್ತಾ ಅದೆ."

ದಣಿವಿನಲ್ಲಿ, ಸ್ವಲ್ಪ ಸಿಡುಕಿನಲ್ಲಿಯೂ ಇರಬೇಕು, "ನೀವೇ ಹೊಲೀರಿ" ಅಂದುಬಿಟ್ಟೆ.

"ನಾನಾ?"

"ಹೂಂ, ನೀವೇ. ಅಷ್ಟು ದೊಡ್ಡ ಮಿಷನ್ ನಡೆಸಿದ್ದೀರಂತೆ."

ಅವರು ನಗಲಿಲ್ಲ. ತಮ್ಮ ಅಂಗೈಗಳನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡರು. "ಕಲ್ತ್ಕಬೌದು. ಆದ್ರೆ ಯೋಳ್ಕೊಡೋರ್ ಯಾರಮ್ಮ?"

ನನ್ನ ಬಾಯಿ ಮತ್ತೆ ನನ್ನನ್ನು ಕೇಳದೆ ಮಾತಾಡಿತು. "ಆಫ್ ಇರೋ ದಿನ ಬರ್ತೀನಿ. ಒಂದೇ ದಿನ. ತೋರಿಸಿಕೊಟ್ಟು ಬರ್ತೀನಿ, ನಾನು ಸೂಜಿ ಮುಟ್ಟಲ್ಲ."

ಆ ಆಫ್ ದಿನ ಮಳವಳ್ಳಿಯ ಬಸ್ಸಿನಲ್ಲಿ ಕೂತಾಗ ನನ್ನ ಮೇಲೆ ನನಗೇ ವಿಪರೀತ ಸಿಟ್ಟು ಬಂದಿತ್ತು. ಹಿಂದಿನ ದಿನ ಇಬ್ಬರು ನರ್ಸುಗಳು ರಜೆ ಹಾಕಿದ್ದರಿಂದ ಎರಡು ಪಾಳಿಯ ಕೆಲಸ ಮಾಡಿ ಬಂದಿದ್ದೆ. ಮನೆಯಲ್ಲಿ ಒಗೆಯಲು ಹಾಕಿದ ಬಟ್ಟೆ ಹಾಗೇ ಇತ್ತು. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆ. ಅದು ಪ್ರವಾಸಿಗಳಿಂದ ತುಂಬಿತ್ತು. ನೀರು ಜೋರಾಗಿ ಬೀಳುತ್ತಿದೆಯಂತೆ, ಜಲಪಾತ ನೋಡಲು ಹೊರಟಿದ್ದರು. ನಾನು ಅವರ ನಡುವೆ ನಿಂತು, ಮೂರು ಸಲ ತೂಕಡಿಸಿ, ಯಜಮಾನರು ಹೇಳಿದ್ದ ಊರಿನಲ್ಲಿ ಇಳಿದೆ.

ಮನೆ ಚೊಕ್ಕಟವಾಗಿತ್ತು. ಮಳವಳ್ಳಿಗೆ ಕೊಟ್ಟಿರುವ ಅವರ ಮಗಳು ಅವತ್ತು ಬಂದಿದ್ದಳು. ನನಗೆ ಕಾಫಿ ಕೊಟ್ಟು, ಒಳಗೆ ಕರೆದು, "ನಮ್ಮಪ್ಪಂಗೆ ಯಾಕ್ ಆಸೆ ಉಟ್ಟುಸ್ದೆ ಅಕ್ಕಾ? ಒಂದ್ ವಾರದಿಂದ ದಾರ ತಂದು ಮಡಿಕ್ಕಂಡವ್ರೆ" ಎಂದು ಮೆಲ್ಲಗೆ ನಕ್ಕಳು. ಅವರು ಹಜಾರ ಗುಡಿಸಿ, ಚಾಪೆ ಹಾಸಿ, ಕನ್ನಡಕ ಒರೆಸಿಕೊಂಡು ಸಿದ್ಧರಾಗಿ ಕೂತಿದ್ದರು.

ಗಂಟು ಬಿಚ್ಚಿದೆವು. ಎಲ್ಲವೂ ನೂಲಿನ ಸೀರೆಗಳು. ಉಟ್ಟು ಉಟ್ಟು ಮೆತ್ತಗಾಗಿದ್ದವು. ತೀರ ಹಳೆಯವನ್ನು ಒಳಪದರಕ್ಕೆ ಹಾಸೋಣ ಅಂದೆ. ಗಟ್ಟಿಯಾಗಿದ್ದುದನ್ನು ಕೆಳಗೆ, ಬಣ್ಣ ಉಳಿದಿದ್ದುದನ್ನು ಮೇಲೆ. ಅವರು ಪ್ರತಿ ಸೀರೆಯನ್ನೂ ಕೈಗೆತ್ತಿಕೊಂಡು ಒಂದು ಕ್ಷಣ ಹಿಡಿದು ಕೊಡುತ್ತಿದ್ದರು. ಕಥೆ ಹೇಳಲಿಲ್ಲ. ನಾನು ಅದಕ್ಕೆ ಮನಸ್ಸಿನಲ್ಲೇ ಅವರಿಗೆ ಋಣಿಯಾದೆ. ಪದರಗಳನ್ನು ಎಳೆದು ಸುಕ್ಕು ಬಿಡಿಸಿ ಸುತ್ತ ಕಲ್ಲು ಇಟ್ಟೆವು. ದಾರ ಪೋಣಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಮಗಳು ಸಹಾಯಕ್ಕೆ ಬಂದರೆ ಬೇಡವೆಂದರು. ಮೊದಲ ಹೊಲಿಗೆ ಹಾಕುವಾಗ ಸೂಜಿಯನ್ನು ಬೋಲ್ಟು ತಿರುಗಿಸುವ ಹಾಗೆ ತಿರುಗಿಸಿದರು.

"ತಿರುಗಿಸಬೇಡಿ, ನೂಕಿ" ಅಂದೆ. "ಕೆಳಗಿನ ಕೈಗೆ ತುದಿ ತಾಗಿದ ಕೂಡಲೇ ಮೇಲೆ ಕಳಿಸಿ."

ಬೆರಳು ಚುಚ್ಚಿತು. ಚೀಪಿಕೊಂಡರು. ಮತ್ತೆ ಹಾಕಿದರು.

ಪಕ್ಕದ ಮನೆಯ ಹೆಂಗಸೊಬ್ಬರು ಸಾರಿಗೆ ಕರಿಬೇವು ಕೇಳಲು ಬಂದವರು ಬಾಗಿಲಲ್ಲೇ ನಿಂತರು. "ಇದೇನಣ್ಣೋ, ಗಂಡ್ಸಾಗಿ ಸೂಜಿ ಇಡ್ಕಂಡು ಕುಂತಿದ್ದೀಯಾ?"

"ಯಾಕವ್ವಾ, ಸೂಜಿ ಏನಾರಾ ಬ್ಯಾಡ ಅಂತಾ?" ಅಂದರು ಅವರು ತಲೆ ಎತ್ತದೆ. "ಕರಿಬೇವು ಇತ್ಲಲ್ಲಿ ಅದೆ, ಕಿತ್ಕಂಡು ಓಗು."

ಒಂದು ಬದಿಯ ಅಂಚು ಮುಗಿಯುವವರೆಗೆ ಜೊತೆಗೇ ಕೂತು ನೋಡಿದೆ. ಸಾಲು ವಾಲುತ್ತಿತ್ತು, ಹೊಲಿಗೆಗಳು ಭತ್ತದ ಕಾಳಿನಷ್ಟು ಉದ್ದ. ಆದರೂ ಪದರ ಹಿಡಿದುಕೊಳ್ಳುತ್ತಿತ್ತು. ನಾನು ಗೋಡೆಗೆ ಒರಗಿದೆ. ಮೂಲೆಯಲ್ಲಿ ಹೇಗೆ ತಿರುಗಬೇಕೆಂದು ಹೇಳಬೇಕು, ಇನ್ನು ಸ್ವಲ್ಪ ಹೊತ್ತಿಗೆ ಅವರು ಮೂಲೆಗೆ ಬರುತ್ತಾರೆ ಎಂದುಕೊಂಡದ್ದು ನೆನಪಿದೆ.

ಎಚ್ಚರವಾದಾಗ ಬಾಗಿಲಿಂದ ಬಂದ ಬಿಸಿಲು ಹಜಾರದ ಇನ್ನೊಂದು ಬದಿಗೆ ಸರಿದಿತ್ತು. ನಾನು ಚಾಪೆಯ ಮೇಲೆ ಮುದುಡಿ ಮಲಗಿದ್ದೆ. ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದ್ದರು. ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದೂ ಇಲ್ಲ. ಯಾರದೋ ಮನೆಗೆ ಬಂದು ಹೀಗೆ ಮಲಗಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಗಡಬಡಿಸಿ ಎದ್ದೆ.

ಅವರು ಕೂತಲ್ಲೇ ಕೂತಿದ್ದರು. ಮೂಲೆ ದಾಟಿ ಎರಡನೆಯ ಬದಿಯಲ್ಲಿದ್ದರು.

"ಎಬ್ಬಿಸಬಾರದಾ ಯಜಮಾನ್ರೇ?"

"ಮಗ್ಳು ಎಬ್ಬುಸ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ." ಅವರು ದಾರವನ್ನು ಹಲ್ಲಿನಲ್ಲಿ ಕಡಿದರು. "ಅಷ್ಟ್ ದಿನ ಆಸ್ಪತ್ರೇಲಿ ಆ ಬೆಂಚಿನ್ ಮೇಲೆ ಕುಂತ್ಕಂಡು ನೋಡ್ತಿದ್ದೆ ಕಣಮ್ಮ. ನಿನ್ ಡ್ಯೂಟಿ ಒತ್ನಲ್ಲಿ ನೀನು ಒಂದ್ ದಿನಾನೂ ಕುಂತಿದ್ದು ನಾನು ನೋಡ್ನಿಲ್ಲ."

ನಾನು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅಲ್ಲಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಕೈ ಮುಗಿದಿದ್ದಾರೆ, ಬೈದಿದ್ದಾರೆ, ಸಿಹಿ ಹಂಚಿದ್ದಾರೆ. ನಾನು ನಿಂತೇ ಇದ್ದೆ ಎಂಬುದನ್ನು ಒಬ್ಬರು ಗಮನಿಸಿದ್ದರು ಎಂದು ತಿಳಿದಾಗ ಕಾಲುಗಳಿಗೆ ಆ ವರ್ಷಗಳ ನೋವೆಲ್ಲ ಒಟ್ಟಿಗೇ ಇಳಿದಂತಾಯಿತು.

ವಾಪಸು ಬಂದು ಅವರು ಹೊಲಿದ ಮೂಲೆಯನ್ನು ನೋಡಿದೆ. ಮೂರು ಪದರ ಹಿಡಿದಿತ್ತು, ಒಂದು ತಪ್ಪಿಸಿಕೊಂಡು ಒಳಗೆ ಮುದುರಿತ್ತು. ಬಿಚ್ಚಿ ಹೊಲಿಯಬೇಕು ಅಂದೆ. "ಎಲ್ಲೀಗಂಟ ಬಿಚ್ಬೇಕು?" ಅಂದರು. ತೋರಿಸಿದೆ. ನಿಟ್ಟುಸಿರು ಬಿಟ್ಟು, ಕನ್ನಡಕ ಮೇಲೆ ಮಾಡಿ, ಬಿಚ್ಚಲು ಕೂತರು. ಮಗಳು ಅನ್ನ, ಮೊಳಕೆ ಹುರುಳಿಕಾಳಿನ ಸಾರು ಬಡಿಸಿದಳು. ಹೊಟ್ಟೆ ತುಂಬ ಉಂಡು, ಸಂಜೆಯ ಬಸ್ಸಿಗೆ ಹೊರಟೆ. ಸೂಜಿಯನ್ನು ನಾನು ಮುಟ್ಟಲಿಲ್ಲ.

ಆಮೇಲೆ ಅವರು ಆಗಾಗ ಫೋನು ಮಾಡುತ್ತಿದ್ದರು. ದಾರ ಗಂಟಾದರೆ ಏನು ಮಾಡಬೇಕು, ಸೀರೆಯ ಅಂಚು ದಪ್ಪಗಿದ್ದು ಸೂಜಿ ಇಳಿಯದಿದ್ದರೆ ಏನು ಮಾಡಬೇಕು, ಇಂಥವು. ಪಾಳಿಯಲ್ಲಿದ್ದರೆ ಎತ್ತುತ್ತಿರಲಿಲ್ಲ. ಅವರೂ ಮತ್ತೆ ಮಾಡುತ್ತಿರಲಿಲ್ಲ, ನಾನು ಮಾಡುವವರೆಗೆ ಕಾಯುತ್ತಿದ್ದರು. ಮಳೆಗಾಲ ಕಳೆದು ಚಳಿ ಬಂತು. ಬಿಪಿ ಮಾತ್ರೆಗೆ ಬಂದ ಒಂದು ದಿನ ಫೋನಿನಲ್ಲಿ ಚಿತ್ರ ತೋರಿಸಿದರು. ಕೌದಿ ಮುಗಿದಿತ್ತು. ಒಂದು ಬದಿ ಇನ್ನೊಂದು ಬದಿಗಿಂತ ಉದ್ದ, ನಡುವಿನಲ್ಲಿ ಹೊಲಿಗೆ ಸುತ್ತಿ ಸುತ್ತಿ ದಾರಿ ತಪ್ಪಿದ ಹಾಗೆ ಕಾಣುತ್ತಿತ್ತು.

"ಒದ್ಕತೀರಾ?" ಎಂದು ಕೇಳಿದೆ. ಹೊದ್ದುಕೊಳ್ಳುತ್ತೀರಾ ಅನ್ನಲು ಹೋಗಿ, ನನಗೆ ಗೊತ್ತಿಲ್ಲದೆ ಅವರ ಹಾಗೆಯೇ ಮಾತಾಡಿದ್ದೆ.

"ಒದಿಯಾದಿಲ್ಲ, ಆಸ್ಕತೀನಿ. ಚಳಿ ಕೆಳಗಿಂದ ಬತ್ತದೆ" ಅಂದರು. ಮತ್ತೆ, "ಮಗ್ಳು ನಂಗೊಂದು ಒಲ್ಕೊಡಪ್ಪ ಅಂತಾ ಅವ್ಳೆ. ನೀನೇ ಒಲ್ಕಳವ್ವ ಅಂದಿದ್ದೀನಿ" ಎಂದು ನಕ್ಕರು.

ಈಗಲೂ ಯಾರಾದರೂ ಸೀರೆ ತರಲೇ ಎಂದು ಕೇಳುತ್ತಾರೆ. ಹೊಲಿದು ಕೊಡುವುದಿಲ್ಲ, ಬಂದು ಕೂತರೆ ತೋರಿಸಿಕೊಡುತ್ತೇನೆ ಅನ್ನುತ್ತೇನೆ. ಹೆಚ್ಚಿನವರು ಆಮೇಲೆ ಬರುವುದಿಲ್ಲ. ಲ್ಯಾಬಿನವಳು ಎರಡು ಭಾನುವಾರ ಬಂದಳು, ಒಂದು ಬದಿಯ ಅಂಚು ಹೊಲಿದಳು, ಆಮೇಲೆ ಅವಳ ಪಾಳಿ ಬದಲಾಯಿತು. ಅವಳ ಮೇಲೆ ನನಗೆ ಬೇಸರವಿಲ್ಲ. ನಮ್ಮ ಕೆಲಸದಲ್ಲಿ ಎರಡು ಭಾನುವಾರ ಸಿಕ್ಕಿದ್ದೇ ಹೆಚ್ಚು.

ಕೈ ಪೂರ್ತಿ ಸರಿಹೋಗಿಲ್ಲ. ಕ್ಯಾನುಲಾ ಹಾಕುವಾಗ ಈಗ ನಡುಗುವುದಿಲ್ಲ, ಆದರೆ ಕಷ್ಟದ ಕೈಗಳಿಗೆ ಆ ಚಿಕ್ಕ ನರ್ಸನ್ನೇ ಕರೆಯುತ್ತಾರೆ. ಅವಳು ಚೆನ್ನಾಗಿ ಹಾಕುತ್ತಾಳೆ. ವಾರ್ಡಿನಲ್ಲಿ ಜನ ಕಡಿಮೆಯಾಗಿಲ್ಲ, ನಮ್ಮ ಸಂಖ್ಯೆ ಹೆಚ್ಚಾಗಿಲ್ಲ. ಕಳೆದ ಆಫ್ ದಿನ ಮಧ್ಯಾಹ್ನ ಬಟ್ಟೆ ಒಣಗಲು ಹಾಕಿ, ನನ್ನದೇ ಎರಡು ಹಳೇ ಸೀರೆಗಳನ್ನು ಹಜಾರದಲ್ಲಿ ಹಾಸಿಕೊಂಡೆ. ಯಾರಿಗೆಂದು ಗೊತ್ತಿಲ್ಲ, ಯಾವಾಗ ಮುಗಿಯುತ್ತದೆಂದೂ ಗೊತ್ತಿಲ್ಲ. ಒಂದು ಸಾಲು ಹಾಕಿದೆ. ಎರಡನೆಯದರ ಅರ್ಧಕ್ಕೆ ಮಣಿಕಟ್ಟು ಸಾಕು ಅಂತು. ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಳಗಿನಿಂದ ಮಗಳು ಟೀ ಮಾಡಲಾ ಎಂದು ಕೇಳಿದಳು. ಮಾಡು ಅಂದೆ.